ಪೀಕ್ ಎಣಿಸುವ ಮುನ್ನ

ಯಾವ ತಂತ್ರಾಂಶ ಕಲಿಯಲಿ ಮಾವ, ಮ್ಯಾಕ್ಸ್ ಒಂದೇ ಸಾಕೋ ಹೋಮರ್ ಕೂಡ ಬೇಕೋ ಎಂದು ಕೇಳಿದ್ದೀಯ. ಎರಡನ್ನೂ ಒಂದೆರಡು ವಾರದಲ್ಲಿ ಕಲಿತುಬಿಡುತ್ತೀಯ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಪ್ರೋಟೀನ್ ಡಿಎನ್‌ಎ ಮೇಲೆ ಎಲ್ಲೆಲ್ಲಿ ಕೂತಿದೆ ಎಂದು ತೋರಿಸುವ ಚಿಪ್-ಸೀಕ್ ದತ್ತಾಂಶವನ್ನು ವಿಶ್ಲೇಷಿಸುವ ಈ ತಂತ್ರಾಂಶಗಳಿಗೆಲ್ಲ ಒಂದು ಗುಣವಿದೆ, ಅದನ್ನು ಮೊದಲು ತಿಳಿದುಕೊ. ಏನು ಕೊಟ್ಟರೂ ಉತ್ತರ ಕೊಡುತ್ತವೆ. ಪ್ರಯೋಗ ಕೆಟ್ಟಿರಲಿ, ಪ್ರತಿಕಾಯ ಇನ್ಯಾವುದೋ ಪ್ರೋಟೀನನ್ನು ಹಿಡಿದಿರಲಿ, ಜೀನೋಮ್ ಆವೃತ್ತಿ ಅದಲುಬದಲಾಗಿರಲಿ, ಕೊನೆಗೆ ಪೀಕ್‌ಗಳ, ಅಂದರೆ ಡಿಎನ್‌ಎ ತುಣುಕುಗಳು ರಾಶಿಬಿದ್ದ ಜಾಗಗಳ, ಒಂದು ಪಟ್ಟಿ ಬಂದೇ ಬರುತ್ತದೆ. ಪ್ರತಿ ಸಾಲಿನ ಎದುರಿಗೂ ಅಂದವಾದ ಒಂದು ಪಿ-ವ್ಯಾಲ್ಯೂ ಕೂತಿರುತ್ತದೆ. ನಿನ್ನ ಗೈಡ್ ಕೇಳುವ ಮೊದಲ ಪ್ರಶ್ನೆಯೂ "ಎಷ್ಟು ಪೀಕ್ ಬಂತು?" ಎಂಬುದೇ ಆಗಿರುತ್ತದೆ. ಎಲ್ಲ ಗೈಡ್‌ಗಳೂ ಅದನ್ನೇ ಕೇಳುವುದು. ಆ ಸಂಖ್ಯೆ ಹೇಳುವ ಮುಂಚೆ ನೀನು ನೋಡಬೇಕಾದದ್ದು ಬಹಳ ಇದೆ ಕಣಮ್ಮ.

ಕಂಪ್ಯೂಟರ್ ಮುಟ್ಟುವ ಮುಂಚೆ ವೆಟ್ ಲ್ಯಾಬ್‌ಗೆ ಹೋಗು. ಪ್ರಯೋಗ ಮಾಡಿದವರ ಪಕ್ಕದಲ್ಲಿ ಕೂತು ವಿಚಾರಿಸು. ಪ್ರೋಟೀನನ್ನು ಡಿಎನ್‌ಎಗೆ ಕಚ್ಚಿಸಲು ಫಾರ್ಮಾಲ್ಡಿಹೈಡ್ ಹಾಕಿ ಎಷ್ಟು ನಿಮಿಷ ಬಿಟ್ಟರು? ಸೋನಿಕೇಟರ್‌ನಲ್ಲಿ ಒಡೆದ ಮೇಲೆ ತುಣುಕುಗಳು ಎಷ್ಟು ಉದ್ದ ಬಂದವು, ಜೆಲ್‌ನ ಫೋಟೋ ಇದೆಯೇ? ಪ್ರತಿಕಾಯ ಯಾವ ಲಾಟ್‌ನದು? ಪ್ರತಿಕಾಯ ಹಾಕದ ಇನ್‌ಪುಟ್ ಸ್ಯಾಂಪಲ್ ಅದೇ ದಿನ ಅದೇ ಕೋಶಗಳಿಂದ ತೆಗೆದದ್ದೋ, ಫ್ರೀಜರ್‌ನಲ್ಲಿದ್ದ ಹಳೆಯದೋ? ಲೈಬ್ರರಿ ಮಾಡುವಾಗ ಪಿಸಿಆರ್ ಎಷ್ಟು ಸೈಕಲ್ ಓಡಿಸಿದರು? ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊ. ಮುಂದೆ ಎಡವಟ್ಟಾದಾಗ ನಿನ್ನನ್ನು ಕಾಪಾಡುವುದು ಆ ಹಾಳೆ. ಕಂಪ್ಯೂಟರ್‌ನವಳಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ ಬಿಡು.

ಪ್ರತಿಕಾಯದ ವಿಷಯವನ್ನು ಮತ್ತೊಮ್ಮೆ ಹೇಳುತ್ತೇನೆ. ಹಿಸ್ಟೋನ್ ಗುರುತುಗಳನ್ನು ಹಿಡಿಯುವ 200ಕ್ಕೂ ಹೆಚ್ಚು ಪ್ರತಿಕಾಯಗಳನ್ನು ಪರೀಕ್ಷಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕಾಲು ಭಾಗಕ್ಕಿಂತ ಹೆಚ್ಚಿನವು ನಿರ್ದಿಷ್ಟತೆಯ ಪರೀಕ್ಷೆಯಲ್ಲೇ ಬಿದ್ದವು. ಅವೆಲ್ಲ ಹಣ ಕೊಟ್ಟು ತಂದ, ಡಬ್ಬಿಯ ಮೇಲೆ ಸರಿಯಾದ ಹೆಸರಿದ್ದ ಪ್ರತಿಕಾಯಗಳೇ. ವೆಸ್ಟರ್ನ್ ಬ್ಲಾಟ್‌ನಲ್ಲಿ ಒಂದೇ ಪಟ್ಟೆ ಬಂದಿದೆಯೇ, ಆ ಪ್ರೋಟೀನಿನ ಜೀನ್ ತೆಗೆದ ಕೋಶದಲ್ಲಿ ಆ ಪಟ್ಟೆ ಮಾಯವಾಗುತ್ತದೆಯೇ ಎಂದು ಕೇಳಲು ಸಂಕೋಚಪಡಬೇಡ. ಇಲ್ಲಿ ಹೋದ ಮಾನವನ್ನು ಯಾವ ತಂತ್ರಾಂಶವೂ ತಂದುಕೊಡಲಾರದು.

ಫಾಸ್ಟ್‌ಕ್ಯೂಸಿ ಓಡಿಸುವುದು, ಅಡಾಪ್ಟರ್ ಕತ್ತರಿಸುವುದು, ಬೋಟೈ2 ಅಥವಾ ಬಿಡಬ್ಲ್ಯುಎ ಹಿಡಿದು ಸೀಕ್ವೆನ್ಸರ್ ಓದಿದ ರೀಡ್‌ಗಳನ್ನು ಜೀನೋಮ್‌ಗೆ ಹೊಂದಿಸುವುದು, ಇದನ್ನೆಲ್ಲ ನಿನ್ನ ಸೀನಿಯರ್‌ಗಳು ತೋರಿಸುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ. ಮ್ಯಾಪಿಂಗ್ ಗುಣಮಟ್ಟದ ಅಂಕ ಬೋಟೈ2ರಲ್ಲಿ 42ಕ್ಕೆ ನಿಲ್ಲುತ್ತದೆ, ಬಿಡಬ್ಲ್ಯುಎ-ಮೆಮ್‌ನಲ್ಲಿ 60ರವರೆಗೆ ಹೋಗುತ್ತದೆ. ಒಂದಕ್ಕೆ ಬರೆದ ಸೋಸುವ ಆಜ್ಞೆಯನ್ನು ಇನ್ನೊಂದಕ್ಕೆ ಹಾಗೇ ಅಂಟಿಸಿದರೆ ಒಂದೂ ರೀಡ್ ಉಳಿಯದೆ ಹೋಗಬಹುದು.

ಈಗ ಮ್ಯಾಕ್ಸ್. 2008ರಲ್ಲಿ ಶರ್ಲಿ ಲಿಯು ಅವರ ತಂಡ ಬಾಸ್ಟನ್‌ನ ಡೇನಾ-ಫಾರ್ಬರ್ ಸಂಸ್ಥೆಯಲ್ಲಿ ಬರೆದದ್ದು. ಇವತ್ತಿಗೂ ಹೆಚ್ಚಿನವರ ಕೈಗೆ ಮೊದಲು ಸಿಗುವುದು ಅದೇ. ಅದು ಹೇಗೆ ಯೋಚಿಸುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಚಿತ್ರ ಬರೆದು ಅರ್ಥ ಮಾಡಿಕೊ. ಸೀಕ್ವೆನ್ಸರ್ ಓದುವುದು ತುಣುಕಿನ ತುದಿಯನ್ನು, ಪ್ರೋಟೀನ್ ಕೂತಿದ್ದದ್ದು ತುಣುಕಿನ ನಡುವೆ ಎಲ್ಲೋ. ಹಾಗಾಗಿ ಪ್ಲಸ್ ಎಳೆಯ ರೀಡ್‌ಗಳು ಆ ಜಾಗದ ಎಡಕ್ಕೆ ಗುಂಪುಗೂಡುತ್ತವೆ, ಮೈನಸ್ ಎಳೆಯವು ಬಲಕ್ಕೆ. ಮ್ಯಾಕ್ಸ್ ಚೆನ್ನಾಗಿ ಎದ್ದು ಕಾಣುವ ಕೆಲವು ಜಾಗಗಳನ್ನು ಆರಿಸಿ, ಎರಡು ಗುಂಪುಗಳ ನಡುವಿನ ದೂರ ಅಳೆಯುತ್ತದೆ. ಅದಕ್ಕೆ 'ಡಿ' ಎಂದು ಹೆಸರು. ತುಣುಕಿನ ಉದ್ದ ಇಷ್ಟಿರಬೇಕು ಎಂದು ದತ್ತಾಂಶದಿಂದಲೇ ಮಾಡಿಕೊಂಡ ಅಂದಾಜು ಅದು. ನಿನ್ನ ಹಾಳೆಯಲ್ಲಿ ಜೆಲ್ ನೋಡಿ ಬರೆದುಕೊಂಡ ಉದ್ದ ಇದೆಯಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಜೆಲ್ 250 ಎನ್ನುತ್ತಿದ್ದು ಡಿ 70ಕ್ಕೆ ಇಳಿದಿದ್ದರೆ, ಅಲ್ಲೇ ನಿಲ್ಲು.

ತಂತ್ರಾಂಶ ಏನು ಕೊಟ್ಟರೂ ಉತ್ತರ ಕೊಡುತ್ತದೆ ಎಂದೆನಲ್ಲ, ಈ ಹಂತದಲ್ಲಿ ಮಾತ್ರ ಮ್ಯಾಕ್ಸ್ ಕೆಲವೊಮ್ಮೆ ಬಾಯಿ ಬಿಡುತ್ತದೆ. ಜೋಡಿ ಪೀಕ್‌ಗಳು ತೀರಾ ಕಡಿಮೆ, ಮಾಡೆಲ್ ಕಟ್ಟಲು ಆಗುವುದಿಲ್ಲ ಎಂದು ಸಂದೇಶ ಕೊಟ್ಟು ಕೆಲಸ ನಿಲ್ಲಿಸುತ್ತದೆ. ಆಗ ನಮ್ಮ ಹುಡುಗರು ಮಾಡುವುದೇನು? ಇಂಟರ್ನೆಟ್‌ನಲ್ಲಿ ಹುಡುಕಿ, 'ನೋಮಾಡೆಲ್' ಎಂಬ ಆಯ್ಕೆ ಸೇರಿಸಿ, ಉದ್ದ 200 ಎಂದು ತಾವೇ ತುಂಬಿ ಅದರ ಬಾಯಿ ಮುಚ್ಚಿಸುತ್ತಾರೆ. ಪೀಕ್‌ಗಳು ಬರುತ್ತವೆ, ಎಲ್ಲರಿಗೂ ಸಂತೋಷ. ಆ ಆಯ್ಕೆಗೆ ನ್ಯಾಯವಾದ ಬಳಕೆ ಇಲ್ಲವೆಂದಲ್ಲ. ಹಿಸ್ಟೋನ್ ಗುರುತುಗಳು ಅಗಲವಾಗಿ ಹರಡಿರುವಾಗ ಜೋಡಿ ಸಿಗುವುದೇ ಕಷ್ಟ, ಅಲ್ಲಿ ಅದು ಬೇಕು. ಆದರೆ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಮೇಲೆ ಕೆಲಸ ಮಾಡುವಾಗ ಈ ಸಂದೇಶ ಬಂತೆಂದರೆ, ಐಪಿ, ಅಂದರೆ ಪ್ರತಿಕಾಯದಿಂದ ಪ್ರೋಟೀನನ್ನು ಹಿಡಿದೆತ್ತುವ ಹಂತ, ದುರ್ಬಲವಾಗಿದೆ ಅಥವಾ ನೀನು ಜೀನೋಮ್ ಗಾತ್ರ ತಪ್ಪು ಕೊಟ್ಟಿದ್ದೀಯ ಎಂದು ಮೊದಲು ಅನುಮಾನಿಸು. ಮ್ಯಾಕ್ಸ್2 ನೀನು ಏನೂ ಹೇಳದಿದ್ದರೆ ಮನುಷ್ಯನ ಜೀನೋಮ್ ಎಂದೇ ಹಿಡಿದು 270 ಕೋಟಿ ಬೇಸ್ ಲೆಕ್ಕ ಹಾಕುತ್ತದೆ. ನಿನ್ನದು ಇ. ಕೋಲೈ ಆದರೆ ಅದರ ಜೀನೋಮ್ ಸುಮಾರು 46 ಲಕ್ಷ ಬೇಸ್ ಅಷ್ಟೆ. ಇಡೀ ಜೀನೋಮ್‌ನ ಹಿನ್ನೆಲೆ ಸದ್ದಿನ ಅಂದಾಜು ಸುಮಾರು ಆರುನೂರು ಪಟ್ಟು ಕೆಳಗಿಳಿಯಿತು ಎಂದಾಯಿತು. ಗಾತ್ರ ತಪ್ಪಿದೆ ಎಂದು ತೆರೆಯ ಮೇಲೆ ಒಂದು ಕೆಂಪು ಸಾಲೂ ಬರುವುದಿಲ್ಲ.

ಹಿನ್ನೆಲೆ ಸದ್ದು ಎಂದೆನಲ್ಲ, ಅದೇ ಇಡೀ ವಿದ್ಯೆಯ ತಿರುಳು. ನೀರವ ಬಯಲಿನಲ್ಲಿ ಒಬ್ಬ ಕೂಗಿದರೆ ಫರ್ಲಾಂಗ್ ದೂರಕ್ಕೆ ಕೇಳಿಸುತ್ತದೆ, ಅದೇ ಕೂಗು ಸಂತೆಯ ನಡುವೆ ಪಕ್ಕದವನಿಗೂ ಕೇಳಿಸುವುದಿಲ್ಲ. ಮ್ಯಾಕ್ಸ್ ಪ್ರತಿ ಜಾಗದಲ್ಲೂ ಇದನ್ನೇ ಅಳೆಯುತ್ತದೆ. ಕಂಟ್ರೋಲ್, ಅಂದರೆ ಇನ್‌ಪುಟ್ ಸ್ಯಾಂಪಲ್‌ನಲ್ಲಿ ಆ ಜಾಗದ ಸುತ್ತ 1,000 ಬೇಸ್, 10,000 ಬೇಸ್ ಹಾಗೂ ಇಡೀ ಜೀನೋಮ್, ಇವುಗಳಲ್ಲಿ ಯಾವ ಸರಾಸರಿ ಜಾಸ್ತಿಯೋ ಅದನ್ನು ಹಿನ್ನೆಲೆ ಎಂದು ಹಿಡಿದು, ಇಷ್ಟು ರೀಡ್‌ಗಳು ಸುಮ್ಮನೆ ಬಂದಿರಲು ಸಾಧ್ಯವೇ ಎಂದು ಪಾಯ್ಸನ್ ಲೆಕ್ಕ ಹಾಕುತ್ತದೆ. ಸ್ಥಳೀಯ ಲ್ಯಾಂಬ್ಡಾ ಎನ್ನುವುದು ಇದಕ್ಕೇ. ಕಂಟ್ರೋಲ್ ಇಲ್ಲದಿದ್ದರೆ ಚಿಪ್ ಸ್ಯಾಂಪಲ್ಲಿನ ರೀಡ್‌ಗಳಿಂದಲೇ ಹಿನ್ನೆಲೆಯನ್ನು ಊಹಿಸಬೇಕಾಗುತ್ತದೆ. ಖರ್ಚು ಉಳಿಸಲು ಇನ್‌ಪುಟ್ ಸೀಕ್ವೆನ್ಸ್ ಮಾಡಿಸದೆ ಬಿಡೋಣವೇ ಎಂದು ಯಾರಾದರೂ ಕೇಳಿದರೆ, ಬೇಡ ಎನ್ನು. ಬೇಕಾದರೆ ಒಂದು ಚಿಪ್ ಸ್ಯಾಂಪಲ್ ಕಡಿಮೆ ಮಾಡಿ, ಇನ್‌ಪುಟ್ ಬಿಡಬೇಡಿ ಎಂದು ಹೇಳು.

ಯಾಕೆ ಎಂದು ಕೇಳಿದರೆ ಉದಾಹರಣೆ ಕೊಡು. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ 20ನೇ ವರ್ಣತಂತುವಿನ ಉದ್ದ ಬಾಹುವಿನ ಒಂದು ಭಾಗ ಹಲವು ಪ್ರತಿಗಳಾಗಿ ಹೆಚ್ಚಿಕೊಂಡಿದೆ. ಅಲ್ಲಿ ಡಿಎನ್‌ಎಯೇ ಜಾಸ್ತಿ, ಹಾಗಾಗಿ ರೀಡೂ ಜಾಸ್ತಿ. ವೇಗವಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ನಕಲು ಶುರುವಾಗುವ ಜಾಗದ ಸುತ್ತ ಪ್ರತಿಗಳು ಹೆಚ್ಚು, ಮುಗಿಯುವ ಕಡೆ ಕಡಿಮೆ. ಇನ್‌ಪುಟ್ ಇದ್ದರೆ ಈ ಏರಿಳಿತ ಅದರಲ್ಲೂ ಕಾಣುತ್ತದೆ, ಲೆಕ್ಕ ಸರಿಹೋಗುತ್ತದೆ. ಇಲ್ಲದಿದ್ದರೆ ಪ್ರೋಟೀನ್ ಅಲ್ಲೇ ಮನೆ ಮಾಡಿಕೊಂಡಿದೆ ಎಂದು ನೀನು ಪ್ರಬಂಧ ಬರೆಯುತ್ತೀಯ.

ಇನ್‌ಪುಟ್ ಇದ್ದೂ ಮೋಸ ಹೋಗುವ ಸಂದರ್ಭವೊಂದಿದೆ. ನನ್ನ ಹತ್ತಿರ ಬಂದ ವಿದ್ಯಾರ್ಥಿಗಳಿಗೆಲ್ಲ ನಾನು ಹೇಳುತ್ತಿದ್ದ ಕಥೆ ಇದು. ಯೀಸ್ಟ್‌ನಲ್ಲಿ ಸರ್2, ಸರ್3, ಸರ್4 ಎಂಬ ಪ್ರೋಟೀನ್‌ಗಳಿವೆ. ಜೀನ್‌ಗಳನ್ನು ಸುಮ್ಮನಾಗಿಸುವುದು ಅವುಗಳ ಕೆಲಸ. ಚಿಪ್-ಸೀಕ್ ಮಾಡಿದರೆ ಅವು ಇರಬೇಕಾದ ಜಾಗಗಳಲ್ಲಿ ಕಂಡವು, ಸರಿ. ಅದರ ಜೊತೆಗೆ 238 ಬೇರೆ ಜಾಗಗಳಲ್ಲೂ ಕಂಡವು, ಹೆಚ್ಚಿನವು ಜೋರಾಗಿ ಕೆಲಸ ಮಾಡುತ್ತಿರುವ ಜೀನ್‌ಗಳ ಮೇಲೆ! ಸುಮ್ಮನಾಗಿಸುವ ಪ್ರೋಟೀನಿಗೆ ಅಲ್ಲೇನು ಕೆಲಸ? ಬೇರೆ ಯಾರಾದರೂ ಆಗಿದ್ದರೆ ಹೊಸ ಕಾರ್ಯ ಪತ್ತೆ ಎಂದು ತಲೆಬರಹ ಹಾಕಿಬಿಡುತ್ತಿದ್ದರು. ಆ ತಂಡ ಹಾಗೆ ಮಾಡಲಿಲ್ಲ. ಜೆಲ್ಲಿ ಮೀನಿನಿಂದ ಬಂದ ಹಸಿರು ಬೆಳಕಿನ ಪ್ರೋಟೀನ್ ಜಿಎಫ್‌ಪಿಯನ್ನು ಯೀಸ್ಟ್ ಕೋಶದೊಳಗೆ ಇಟ್ಟು ಅದರ ಮೇಲೂ ಚಿಪ್-ಸೀಕ್ ಮಾಡಿತು. ಯೀಸ್ಟಿನ ಡಿಎನ್‌ಎಗೂ ಜಿಎಫ್‌ಪಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅದೂ ಅಂಥದೇ ಜಾಗಗಳಲ್ಲಿ ಪೀಕ್ ಕೊಟ್ಟಿತು. 2013ರಲ್ಲಿ ಇದು ಪಿಎನ್‌ಎಎಸ್ ಪತ್ರಿಕೆಯಲ್ಲಿ ಬಂತು. ಜೋರಾಗಿ ಕೆಲಸ ಮಾಡುತ್ತಿರುವ ಜೀನ್‌ಗಳ ಜಾಗ ಐಪಿ ಮಾಡುವಾಗ ಯಾವ ಪ್ರೋಟೀನ್ ಜೊತೆಗಾದರೂ ಬಂದುಬಿಡುವ ಸ್ವಭಾವದ್ದು ಎಂದಾಯಿತು. ಇನ್‌ಪುಟ್ ಐಪಿಯ ಹಂತವನ್ನೇ ಹಾದುಬಂದಿರುವುದಿಲ್ಲ, ಅದು ಇದನ್ನು ಹೇಗೆ ಹಿಡಿದೀತು? ಅಲ್ಲಿ ಪಿ-ವ್ಯಾಲ್ಯೂ ಎಷ್ಟೇ ಸಣ್ಣದಿದ್ದರೂ ಪ್ರಯೋಜನವಿಲ್ಲ. ನಿನ್ನ ಪ್ರೋಟೀನಿಗೆ ಟ್ಯಾಗ್ ಹಾಕಿದ್ದರೆ, ಟ್ಯಾಗ್ ಇಲ್ಲದ ತಳಿಯಲ್ಲಿ ಅದೇ ಪ್ರತಿಕಾಯ ಹಾಕಿದ ಸ್ಯಾಂಪಲ್ ಒಂದನ್ನು ಕೇಳಿ ಮಾಡಿಸಿಕೊ.

ಪೀಕ್ ಪಟ್ಟಿ ಬಂದ ದಿನ ಅದರಿಂದ ಗ್ರಾಫ್ ಮಾಡಲು ಹೊರಡಬೇಡ. ಜೀನೋಮನ್ನು ಕಣ್ಣಾರೆ ನೋಡಲು ಐಜಿವಿ ತೆರೆ. ಮೇಲೆ ಚಿಪ್, ಕೆಳಗೆ ಇನ್‌ಪುಟ್, ಎರಡಕ್ಕೂ ಒಂದೇ ಅಳತೆಪಟ್ಟಿ ಕೊಡು. ಇದನ್ನು ಮರೆತರೆ ಐಜಿವಿ ಪ್ರತಿಯೊಂದನ್ನೂ ತನಗೆ ತೋಚಿದಂತೆ ಹಿಗ್ಗಿಸಿ ತೋರಿಸುತ್ತದೆ, ಪುಟ್ಟ ಉಬ್ಬೂ ಬೆಟ್ಟವಾಗಿ ಕಾಣುತ್ತದೆ. ಪಟ್ಟಿಯ ತುದಿಯಿಂದ ಕೆಲವು, ನಡುವಿನಿಂದ ಕೆಲವು, ಬಾಲದಿಂದ ಕೆಲವು ತೆಗೆದು ಒಂದೊಂದನ್ನೇ ನೋಡು. ರೀಡ್‌ಗಳಿಗೆ ಎಳೆಯ ಪ್ರಕಾರ ಬಣ್ಣ ಹಾಕಿದರೆ ಎಡಕ್ಕೊಂದು ಬಲಕ್ಕೊಂದು ಗುಂಪು ಕಾಣಬೇಕು. ಎಲ್ಲ ರೀಡ್‌ಗಳೂ ಒಂದೇ ಬೇಸ್‌ನಿಂದ ಶುರುವಾಗಿ ಗೋಡೆ ಕಟ್ಟಿದಂತಿದ್ದರೆ ಅದು ಪಿಸಿಆರ್ ಮಾಡಿದ ನಕಲುಗಳ ರಾಶಿ. ಸೆಂಟ್ರೊಮಿಯರ್ ಬಳಿ ಚಿಪ್‌ನಲ್ಲೂ ಇನ್‌ಪುಟ್‌ನಲ್ಲೂ ಗೋಪುರ ಎದ್ದಿದ್ದರೆ ಅದನ್ನು ತೆಗೆಯಲು ಎನ್‌ಕೋಡ್ ಯೋಜನೆಯವರು ಬ್ಲ್ಯಾಕ್‌ಲಿಸ್ಟ್ ಮಾಡಿಟ್ಟಿದ್ದಾರೆ, ಬೆಡ್‌ಟೂಲ್ಸ್‌ನಲ್ಲಿ ಒಂದು ಸಾಲಿನ ಕೆಲಸ.

ಆ ಒಂದು ಸಾಲಿನಲ್ಲೂ ಗುಂಡಿ ಇದೆ. ಮನುಷ್ಯನ ಜೀನೋಮಿನ ಎರಡು ಆವೃತ್ತಿಗಳು ಈಗಲೂ ಓಡಾಡುತ್ತಿವೆ, 2009ರ ಎಚ್‌ಜಿ19 ಮತ್ತು 2013ರ ಎಚ್‌ಜಿ38. ಎರಡರಲ್ಲಿ ಒಂದೇ ಜೀನಿನ ಸ್ಥಾನಸಂಖ್ಯೆ ಬೇರೆ ಬೇರೆ. ಒಂದರ ಬ್ಲ್ಯಾಕ್‌ಲಿಸ್ಟನ್ನು ಇನ್ನೊಂದರ ಪೀಕ್‌ಗಳ ಮೇಲೆ ಹಾಕಿದರೆ ತಪ್ಪು ಜಾಗಗಳು ಹೋಗಿ ಕಸ ಉಳಿಯುತ್ತದೆ. ಇನ್ನು ಕೆಲವು ಫೈಲ್‌ಗಳಲ್ಲಿ ವರ್ಣತಂತುವಿನ ಹೆಸರು 'ಸಿಎಚ್ಆರ್1' ಎಂದಿರುತ್ತದೆ, ಕೆಲವದರಲ್ಲಿ ಬರೀ '1'. ಹೆಸರು ಹೊಂದದಿದ್ದರೆ ಬೆಡ್‌ಟೂಲ್ಸ್ ಒಂದನ್ನೂ ತೆಗೆಯುವುದಿಲ್ಲ. ಬ್ಲ್ಯಾಕ್‌ಲಿಸ್ಟ್‌ಗೆ ಒಂದು ಪೀಕೂ ಸಿಗಲಿಲ್ಲ, ನನ್ನ ದತ್ತಾಂಶ ಎಷ್ಟು ಶುದ್ಧ ಎಂದು ಹಿಗ್ಗುತ್ತೀಯ. ಪ್ರತಿ ಹೆಜ್ಜೆಗೂ ಮುಂಚೆ ಎಷ್ಟು ಸಾಲು, ಆಮೇಲೆ ಎಷ್ಟು ಸಾಲು ಎಂದು ಎಣಿಸುವ ಅಭ್ಯಾಸ ಇಟ್ಟುಕೊ.

ಮ್ಯಾಕ್ಸ್ ಕೊಡುವ ನ್ಯಾರೋಪೀಕ್ ಫೈಲನ್ನು ಬರಿಗಣ್ಣಿನಲ್ಲಿ ಓದಲು ಕಲಿ. ಹತ್ತು ಅಂಕಣಗಳಿವೆ. ಒಂದು ಪೀಕಿನ ಆರಂಭ 1000, ಅಂತ್ಯ 1420 ಎಂದಿಟ್ಟುಕೊ. ಎಂಟನೆಯ ಮತ್ತು ಒಂಬತ್ತನೆಯ ಅಂಕಣಗಳಲ್ಲಿರುವುದು ಪಿ ಮತ್ತು ಕ್ಯೂ ವ್ಯಾಲ್ಯೂಗಳೇ, ಆದರೆ ಲಾಗ್ ತೆಗೆದು ಮೈನಸ್ ಚಿಹ್ನೆ ತಿರುಗಿಸಿದ ರೂಪದಲ್ಲಿ. ಅಂದರೆ ದೊಡ್ಡ ಸಂಖ್ಯೆಯೇ ಒಳ್ಳೆಯದು. 0.05ಕ್ಕಿಂತ ಕಡಿಮೆ ಇರುವುದನ್ನು ಆರಿಸುತ್ತೇನೆ ಎಂದು ಹೊರಟವರಿಗೆ ಖಾಲಿ ಫೈಲೇ ಗತಿ. ಹತ್ತನೆಯ ಅಂಕಣದಲ್ಲಿ 190 ಎಂದಿದ್ದರೆ ಪೀಕಿನ ಅತಿ ಎತ್ತರದ ತುದಿ ಆರಂಭದಿಂದ ಅಷ್ಟು ದೂರ, ಅಂದರೆ 1190ರಲ್ಲಿ. ಪ್ರೋಟೀನ್ ಕೂತಿರುವುದು ಬಹುಮಟ್ಟಿಗೆ ಅಲ್ಲೇ, ಪೀಕಿನ ನಟ್ಟನಡುವೆಯೇ ಇರಬೇಕೆಂದಿಲ್ಲ.

ಆ ತುದಿಯಿಂದ ಎರಡೂ ಕಡೆ ಐವತ್ತು ಬೇಸ್ ತೆಗೆದುಕೊಂಡು, ಮೇಲಿನ ಐನೂರು ಪೀಕ್‌ಗಳ ಅನುಕ್ರಮಗಳನ್ನು ಮೀಮ್-ಚಿಪ್‌ಗೆ ಕೊಡು. ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ ಇದು. ಯಾವ ಪ್ರೋಟೀನ್ ಎಂದು ಅದಕ್ಕೆ ಹೇಳಬೇಡ. ತಾನಾಗಿಯೇ ಆ ಪ್ರೋಟೀನಿನ ಮೋಟಿಫ್, ಅಂದರೆ ಅದು ಕೂರುವ ಅನುಕ್ರಮದ ಮಾದರಿ, ಹುಡುಕಿಕೊಟ್ಟು, ಅದು ತುದಿಯ ಸುತ್ತಲೇ ಒತ್ತಾಗಿದೆ ಎಂದು ತೋರಿಸಿದರೆ, ಪ್ರಯೋಗ ನಡೆದಿದೆ ಎಂದು ನೆಮ್ಮದಿಯಾಗಿ ಊಟ ಮಾಡಬಹುದು. ಚಿಪ್-ಸೀಕ್‌ನ ಮೊದಲ ವರ್ಷ 2007ರಲ್ಲಿ ಜಾನ್ಸನ್ ಮತ್ತಿತರರು ಎನ್‌ಆರ್‌ಎಸ್‌ಎಫ್ ಎಂಬ ಪ್ರೋಟೀನಿಗೆ ಮನುಷ್ಯನ ಜೀನೋಮಿನಲ್ಲಿ 1,946 ಜಾಗ ಗುರುತಿಸಿದಾಗ ಜನ ನಂಬಿದ್ದಕ್ಕೆ ಒಂದು ಕಾರಣ, ಅದರ 21 ಬೇಸ್ ಉದ್ದದ ಮೋಟಿಫ್ ಮೊದಲೇ ಗೊತ್ತಿತ್ತು, ಪೀಕ್‌ಗಳು ಅದರ ಪಕ್ಕದಲ್ಲೇ ಬಂದಿದ್ದವು. ನಿನ್ನ ಪಟ್ಟಿಯಲ್ಲಿ ಬೇರೆ ಪ್ರೋಟೀನಿನ ಮೋಟಿಫ್ ಮಾತ್ರ ಬಂದರೆ ಗಾಬರಿ ಬೇಡ. ಜೊತೆಗಾರ ಪ್ರೋಟೀನ್ ಇರಬಹುದು, ಪ್ರತಿಕಾಯದ ದೋಷವೂ ಇರಬಹುದು. ಯಾವುದು ಎಂದು ಹೇಳುವ ಕೆಲಸ ಮತ್ತೆ ವೆಟ್ ಲ್ಯಾಬ್‌ನದು.

ಗುಣಮಟ್ಟಕ್ಕೆ ಎನ್‌ಕೋಡ್‌ನವರು 2012ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ, ಓದು. ಕಡಿಮೆಯೆಂದರೆ ಎರಡು ಜೈವಿಕ ಪುನರಾವರ್ತನೆ, ಶೇಕಡಾ ಒಂದಕ್ಕಿಂತ ಹೆಚ್ಚು ರೀಡ್ ಪೀಕ್‌ಗಳ ಒಳಗೆ, ಹೀಗೆ. ಅದನ್ನು ಪಂಚಾಂಗದ ಹಾಗೆ ಹಿಡಿದುಕೊಳ್ಳಬೇಡ. ಜೆಡ್‌ಎನ್‌ಎಫ್274 ಎಂಬ ಪ್ರೋಟೀನ್ ನಿಜವಾಗಿಯೂ ಕೂರುವ ಜಾಗಗಳೇ ಬಹಳ ಕಡಿಮೆ, ಅದು ಈ ಶೇಕಡಾ ಒಂದನ್ನು ದಾಟುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಎರಡು ಪುನರಾವರ್ತನೆಗಳನ್ನು ಹೋಲಿಸಲು ಐಡಿಆರ್ ಬಳಸುವಾಗ ಇನ್ನೊಂದು ಕಿವಿಮಾತು: ಸೋಸಿದ ಪೀಕ್‌ಗಳನ್ನು ಕೊಡಬೇಡ. ಮ್ಯಾಕ್ಸ್‌ನ ಪಿ-ಮಿತಿಯನ್ನು 0.01ರಷ್ಟು ಸಡಿಲ ಮಾಡಿ, ಕಸದ ಸಮೇತ ಕೊಡು. ಎರಡೂ ಪಟ್ಟಿಗಳಲ್ಲಿ ಎಲ್ಲಿಂದ ಕ್ರಮಾಂಕ ತಾಳೆಯಾಗದೆ ಚದುರುತ್ತದೆ ಎಂಬುದನ್ನು ನೋಡಿಯೇ ಅದು ಗೆರೆ ಎಳೆಯುವುದು. ಕಸವೇ ಇಲ್ಲದಿದ್ದರೆ ಅದಕ್ಕೆ ಗೆರೆ ಸಿಗುವುದಿಲ್ಲ.

ಔಷಧ ಕೊಟ್ಟ ಕೋಶ, ಕೊಡದ ಕೋಶ ಎಂದು ಹೋಲಿಸುವ ಕೆಲಸ ನಿನಗೆ ಬಂದೇ ಬರುತ್ತದೆ, ಆಗ ಡಿಫ್‌ಬೈಂಡ್ ಮುಂತಾದವು ಬೇಕಾಗುತ್ತವೆ. ಎರಡೂ ಸ್ಯಾಂಪಲ್‌ಗಳ ಒಟ್ಟು ರೀಡ್ ಸಂಖ್ಯೆಯನ್ನು ಸಮ ಮಾಡಿ ಹೋಲಿಸುವುದು ವಾಡಿಕೆ. ಔಷಧದಿಂದ ನೀನು ಅಳೆಯುತ್ತಿರುವ ಹಿಸ್ಟೋನ್ ಗುರುತು ಜೀನೋಮ್ ತುಂಬ ಒಂದೇ ಸಮ ಇಳಿದಿದ್ದರೆ? ಸಮ ಮಾಡಿದಾಗ ಇಳಿದದ್ದೇ ಅಳಿಸಿಹೋಗುತ್ತದೆ. 2014ರಲ್ಲಿ ಡಾಟ್1ಎಲ್ ಎಂಬ ಕಿಣ್ವವನ್ನು ತಡೆಯುವ ಔಷಧ ಕೊಟ್ಟು ಇದನ್ನೇ ತೋರಿಸಿದರು. ಪ್ರತಿ ಸ್ಯಾಂಪಲ್ಲಿಗೂ ಅಳೆದು ಒಂದಿಷ್ಟು ಹಣ್ಣುನೊಣದ ಕೋಶ ಬೆರೆಸಿ, ಆ ರೀಡ್‌ಗಳ ಆಧಾರದ ಮೇಲೆ ಲೆಕ್ಕ ಮಾಡಿದಾಗಲೇ ಇಳಿಕೆ ಕಣ್ಣಿಗೆ ಬಿತ್ತು. ಸ್ಯಾಂಪಲ್ ತಯಾರಾದ ಮೇಲೆ ನೊಣ ಬೆರೆಸಲಾಗದು, ಹಾಗಾಗಿ ಪ್ರಯೋಗದ ಮೀಟಿಂಗ್‌ನಲ್ಲಿ ಮೊದಲೇ ಬಾಯಿ ತೆರೆ.

ಬಟನ್ ಒತ್ತಿ ಮಾಡುವ ತಂತ್ರಾಂಶಗಳನ್ನು ಕೀಳಾಗಿ ನೋಡಬೇಡ. ನಮ್ಮ ಬೆಂಗಳೂರಿನ ಸ್ಟ್ರಾಂಡ್‌ನವರು ಮಾಡಿದ ಅವಾಡಿಸ್ ಎನ್‌ಜಿಎಸ್‌ನಲ್ಲಿ ಚಿಪ್-ಸೀಕ್ ವಿಶ್ಲೇಷಣೆ ಮೌಸ್ ಹಿಡಿದೇ ಮುಗಿಯುತ್ತಿತ್ತು, ಗ್ಯಾಲಕ್ಸಿಯಲ್ಲೂ ಹಾಗೇ. ಎನ್‌ಎಫ್-ಕೋರ್‌ನ ಪೈಪ್‌ಲೈನ್ ಒಂದೇ ಆಜ್ಞೆಗೆ ಎಲ್ಲ ಮಾಡಿಕೊಡುತ್ತದೆ. ಮೊದಲ ಸ್ಯಾಂಪಲ್ ಒಂದನ್ನಾದರೂ ಕೈಯಿಂದ ಹೆಜ್ಜೆ ಹೆಜ್ಜೆಯಾಗಿ ಮಾಡಿ, ಆಮೇಲೆ ಪೈಪ್‌ಲೈನ್ ಹಿಡಿ ಎನ್ನುವುದಷ್ಟೇ ನನ್ನ ಹಠ. ನಿಮ್ಮ ಲ್ಯಾಬ್ ಕಟ್‌ಅಂಡ್‌ರನ್ ವಿಧಾನಕ್ಕೆ ಹೋಗುವ ಮಾತಿದೆ ಎಂದೆಯಲ್ಲ, ಅದರಲ್ಲಿ ಹಿನ್ನೆಲೆ ತುಂಬ ಕಡಿಮೆ. ಚಿಪ್-ಸೀಕ್‌ಗೆಂದು ಹೊಂದಿಸಿದ ಮಿತಿಗಳನ್ನು ಅಲ್ಲಿಗೆ ಹಾಗೇ ಒಯ್ಯಬೇಡ, ಸೀಕರ್ ಎಂಬ ಬೇರೆ ಪೀಕ್ ಕಾಲರ್ ಅದಕ್ಕೆಂದೇ ಇದೆ.

ಮ್ಯಾಕ್ಸ್ ಎಕ್ಸ್ಎಲ್ಎಸ್ ಎಂಬ ಬಾಲ ಹಚ್ಚಿದ ಫೈಲೊಂದನ್ನೂ ಕೊಡುತ್ತದೆ. ಅದು ನಿಜಕ್ಕೂ ಎಕ್ಸೆಲ್ ಫೈಲಲ್ಲ, ಬರೀ ಟೆಕ್ಸ್ಟ್. ಅದರ ತಲೆಯ ಮೇಲಿನ ಸಾಲುಗಳಲ್ಲಿ ಆವೃತ್ತಿ, ನೀನು ಕೊಟ್ಟ ಆಜ್ಞೆ, ಡಿ, ರೀಡ್ ಸಂಖ್ಯೆ ಎಲ್ಲ ದಾಖಲಾಗಿರುತ್ತವೆ, ಅಳಿಸಬೇಡ. ಅದರಲ್ಲಿ ಎಣಿಕೆ ಒಂದರಿಂದ ಶುರು, ನ್ಯಾರೋಪೀಕ್‌ನಲ್ಲಿ ಸೊನ್ನೆಯಿಂದ. ಹಾಗಾಗಿ ಒಂದು ಬೇಸ್ ವ್ಯತ್ಯಾಸ ಕಂಡರೆ ಬೆಚ್ಚಬೇಡ. ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡ. ಸೆಪ್ಟ್2, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ಅದು ತಾರೀಖು ಮಾಡಿಬಿಡುತ್ತಿತ್ತು; ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿಯವರೇ ಸೋತು ಆ ಜೀನ್‌ಗಳ ಹೆಸರು ಬದಲಿಸಿದರು. ಹಳೆಯ ಫೈಲ್‌ಗಳಲ್ಲಿ ಹಳೆಯ ಹೆಸರುಗಳೇ ಇವೆ.

ದಸರಾ ರಜೆಗೆ ಬರುತ್ತೀಯಲ್ಲ, ಚಿಪ್‌ನ ಎರಡು ಬ್ಯಾಮ್ ಫೈಲ್, ಇನ್‌ಪುಟ್‌ನ ಒಂದು, ಇಷ್ಟನ್ನು ಹಾರ್ಡ್ ಡಿಸ್ಕ್‌ನಲ್ಲಿ ಹಾಕಿಕೊಂಡು ಬಾ, ಕೂತು ನೋಡೋಣ. ಅವುಗಳ ಇಂಡೆಕ್ಸ್ ಫೈಲ್‌ಗಳನ್ನೂ ಮರೆಯದೆ ತಾ. ಅವಿಲ್ಲದೆ ಐಜಿವಿ ಬ್ಯಾಮ್ ತೆರೆಯುವುದಿಲ್ಲ.